ಮಂಕಾಗುವ ಬಲ್ಬು, ಸುಡುವ ಮೋಟಾರು

ಬೇಸಿಗೆ ಕಾಲಿಟ್ಟಿತೆಂದರೆ ಚಿಂತಾಮಣಿ, ಶಿಡ್ಲಘಟ್ಟದ ಮೋಟಾರ್ ರೀವೈಂಡಿಂಗ್ ಅಂಗಡಿಗಳಿಗೆ ಸುಗ್ಗಿ. ಕೊಳವೆ ಬಾವಿಯ ತಳದಿಂದ ಮೇಲೆತ್ತಿದ ಉದ್ದನೆಯ ಮೋಟಾರುಗಳು ಟೆಂಪೋಗಳಲ್ಲಿ ಬಂದು ಅಂಗಡಿಯ ಗೋಡೆಗೆ ಸಾಲಾಗಿ ಒರಗುತ್ತವೆ. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ತಂತಿಯ ಹೊದಿಕೆ ಕರಗಿ, ಸುರುಳಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಏನಾಯಿತೆಂದು ಕೇಳಿದರೆ ರೈತನ ಉತ್ತರ ಒಂದೇ: ‘ಲೋ ವೋಲ್ಟೇಜು, ಸುಟ್ಟೋಯ್ತು.’

ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಇದು ವಿಚಿತ್ರವಾದ ಮಾತು. ವೋಲ್ಟೇಜು ಕಡಿಮೆಯಾದರೆ ಮನೆಯ ಹಳೆಯ ಬಲ್ಬು ಮಂಕಾಗುತ್ತದೆ, ಸುಡುವುದಿಲ್ಲ. ಸ್ನಾನದ ಮನೆಯ ಹೀಟರಿನಲ್ಲಿ ನೀರು ಬೆಚ್ಚಗಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಹೀಟರು ಕೆಡುವುದಿಲ್ಲ. ಅದೇ ಕಂಬದಿಂದ, ಅದೇ ಹೊತ್ತಿನಲ್ಲಿ ಕರೆಂಟು ಪಡೆದ ಮೋಟಾರು ಮಾತ್ರ ಸುಟ್ಟುಹೋಗುವುದೇಕೆ? ಕಡಿಮೆ ಕೊಟ್ಟಾಗ ಒಂದು ತಣ್ಣಗಾಗುತ್ತದೆ, ಇನ್ನೊಂದು ಕಾದು ಕರಗುತ್ತದೆ.

ಇದಕ್ಕೆ ಉತ್ತರ ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದಾದ ಎರಡು ಚಿಕ್ಕ ಲೆಕ್ಕಗಳಲ್ಲಿದೆ. ಆ ಲೆಕ್ಕಗಳಿಗೂ ಈ ಬಯಲು ಸೀಮೆಗೂ ಇರುವ ನಂಟು 1902ರಷ್ಟು ಹಿಂದಿನದು.

ಬೀಗ ಮಾಡುವವನ ಮಗ

ಜಾರ್ಜ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರಲ್ಲಿ ಹುಟ್ಟಿದವನು. ತಂದೆ ಬೀಗ ತಯಾರಿಸುವ ಕಸುಬುದಾರ. ಆದರೂ ಸ್ವಂತ ಓದಿನಿಂದ ಗಣಿತ ಕಲಿತು ಮಕ್ಕಳಿಗೂ ಕಲಿಸಿದ. ಮಗ ಕಲೋನ್ ನಗರದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ ಅಲ್ಲಿನ ಪ್ರಯೋಗಾಲಯದಲ್ಲಿ ಒಂದು ಪ್ರಶ್ನೆಯನ್ನು ಹಿಡಿದು ಕೂತ. ತಂತಿಯ ಉದ್ದ ಹೆಚ್ಚಿದಂತೆ ಅದರಲ್ಲಿ ಹರಿಯುವ ವಿದ್ಯುತ್ತು ಎಷ್ಟು ಕಡಿಮೆಯಾಗುತ್ತದೆ?

ಆ ಕಾಲದ ಬ್ಯಾಟರಿಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಅಳೆಯುತ್ತಿರುವಾಗಲೇ ಅವುಗಳ ಬಲ ಕುಗ್ಗಿಹೋಗುತ್ತಿತ್ತು. ಹೀಗಾಗಿ ಓಮ್ ಬೇರೆ ಉಪಾಯ ಹಿಡಿದ. ಬಿಸ್ಮತ್ ಮತ್ತು ತಾಮ್ರ ಎಂಬ ಎರಡು ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಕುದಿಯುವ ನೀರಿನ ಬಿಸಿಯೂ ಮಂಜಿನ ತಂಪೂ ಬದಲಾಗುವುದಿಲ್ಲವಾದ್ದರಿಂದ ವಿದ್ಯುತ್ತಿನ ಒತ್ತಡವೂ ಬದಲಾಗದೆ ನಿಂತಿತು. ಆಮೇಲೆ ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ಅಳೆಯುತ್ತ ಹೋದ. 1827ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಅವನ ಪುಸ್ತಕ ಹೇಳಿದ ಸಂಗತಿ ಇಂದು ಹತ್ತನೇ ತರಗತಿಯ ಪಾಠ: ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದು ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್.

ಕೆರೆ ಕಂಡವರಿಗೆ ಇದು ಕಷ್ಟದ ವಿಷಯವಲ್ಲ. ಕೆರೆ ತುಂಬಿದ್ದರೆ ತೂಬಿನಲ್ಲಿ ನೀರು ರಭಸದಿಂದ ನುಗ್ಗುತ್ತದೆ, ಬತ್ತುತ್ತ ಬಂದರೆ ಸಣ್ಣಗೆ ಸುರಿಯುತ್ತದೆ. ಕೆರೆಯ ನೀರಿನ ಎತ್ತರ ವೋಲ್ಟೇಜು, ಕಾಲುವೆಯಲ್ಲಿ ಹರಿಯುವ ನೀರು ಕರೆಂಟು, ಕಾಲುವೆಯ ಹೂಳು ಮತ್ತು ಜೊಂಡು ರೋಧ.

ಅಚ್ಚರಿಯೆಂದರೆ ಇದೇ ಸಂಗತಿಯನ್ನು ಓಮ್‌ಗಿಂತ ಹಲವು ದಶಕ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಕಂಡುಕೊಂಡಿದ್ದ. ಅವನಲ್ಲಿ ಅಳೆಯುವ ಉಪಕರಣವಿರಲಿಲ್ಲ. ವಿದ್ಯುತ್ತನ್ನು ತನ್ನ ಮೈಗೇ ಹರಿಸಿಕೊಂಡು, ಯಾವ ಹೊಡೆತ ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸಿ ಬರೆದಿಡುತ್ತಿದ್ದ. ಮಹಾ ಸಂಕೋಚದ ಮನುಷ್ಯ, ಪ್ರಕಟಿಸಲೇ ಇಲ್ಲ. ಆ ಕಾಗದಗಳು ಬೆಳಕಿಗೆ ಬಂದದ್ದು 1879ರಲ್ಲಿ. ಅಷ್ಟರಲ್ಲಿ ನಿಯಮಕ್ಕೆ ಓಮ್‌ನ ಹೆಸರು ನಿಂತಾಗಿತ್ತು. ಓಮ್‌ನಿಗೂ ಹೆಸರು ಸುಲಭವಾಗಿ ಬರಲಿಲ್ಲ. ಸ್ವದೇಶದಲ್ಲಿ ಪುಸ್ತಕವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟ ಮೇಲೆ ಸ್ವದೇಶದವರ ಕಣ್ಣು ತೆರೆಯಿತು.

ಎರಡನೆಯ ಲೆಕ್ಕ ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೂಲ್‌ನದು. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅವನು 1840ರಲ್ಲಿ ಅಳೆದ. ಕರೆಂಟು ಎರಡು ಪಟ್ಟಾದರೆ ಶಾಖ ಎರಡು ಪಟ್ಟಾಗಲಿಲ್ಲ, ನಾಲ್ಕು ಪಟ್ಟಾಯಿತು. ಮೂರು ಪಟ್ಟಾದಾಗ ಒಂಬತ್ತು ಪಟ್ಟು. ಅಂದರೆ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗವನ್ನು ಹಿಂಬಾಲಿಸುತ್ತದೆ. ಚಿಂತಾಮಣಿಯ ಮೋಟಾರು ಸುಡುವ ರಹಸ್ಯವಿರುವುದು ಈ ‘ವರ್ಗ’ದಲ್ಲಿ.

ಮೊದಲು ಹೀಟರನ್ನು ನೋಡೋಣ. 230 ವೋಲ್ಟಿಗೆ 1000 ವ್ಯಾಟ್ ಎಂದು ಬರೆದಿರುವ ಹೀಟರು ಸುಮಾರು 4.35 ಆಂಪಿಯರ್ ಕರೆಂಟು ಎಳೆಯುತ್ತದೆ. ಭಾಗಿಸಿದರೆ ಅದರ ಸುರುಳಿಯ ರೋಧ ಸುಮಾರು 53 ಓಮ್. ವೋಲ್ಟೇಜು 180ಕ್ಕೆ ಇಳಿದರೂ ಸುರುಳಿ ಅದೇ, ರೋಧವೂ ಹೆಚ್ಚುಕಡಿಮೆ ಅದೇ. ಆಗ ಹರಿಯುವುದು 3.4 ಆಂಪಿಯರ್, ಸಿಗುವುದು 612 ವ್ಯಾಟ್. ನೀರು ನಿಧಾನವಾಗಿ ಕಾಯುತ್ತದೆ, ಅಷ್ಟೇ. ಹೀಟರು ಕೊಟ್ಟಷ್ಟರಲ್ಲಿ ತೃಪ್ತಿಪಡುವ ಸಾಧು.

ಮೋಟಾರಿನ ಪಾಡು ಬೇರೆ. ಅದರ ತಲೆಯ ಮೇಲೆ ಸಾವಿರ ಅಡಿ ನೀರಿನ ಕಂಬವಿದೆ. ವೋಲ್ಟೇಜು ಇಳಿಯಿತೆಂದು ನೀರಿನ ಭಾರ ಇಳಿಯುವುದಿಲ್ಲ. ಶಕ್ತಿಯೆಂದರೆ ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಹೆಚ್ಚು ತೆಗೆದುಕೊಂಡು ಮೋಟಾರು ಲೆಕ್ಕ ಸರಿಮಾಡಿಕೊಳ್ಳುತ್ತದೆ. ವೋಲ್ಟೇಜು ಮುಕ್ಕಾಲಿಗೆ ಇಳಿದರೆ ಕರೆಂಟು ಒಂದೂಕಾಲಿಗೂ ಮೀರಿ ಏರುತ್ತದೆ. ಅದರ ವರ್ಗವೆಂದರೆ ಸುರುಳಿಯೊಳಗಿನ ಶಾಖ ಮುಕ್ಕಾಲು ಪಾಲಿನಷ್ಟು ಹೆಚ್ಚು. ಹೊದಿಕೆ ಮೆತ್ತಗಾಗುತ್ತದೆ, ಪಕ್ಕದ ತಂತಿಗೆ ತಾಗುತ್ತದೆ. ರೈತ ಹೇಳಿದ್ದು ಅಕ್ಷರಶಃ ಸತ್ಯ.

ಚಿನ್ನಕ್ಕೆ ಬಂದ ಕರೆಂಟು

ಈ ಲೆಕ್ಕವನ್ನು ಮೈಸೂರು ಸೀಮೆಯಲ್ಲಿ ಬಹಳ ದೊಡ್ಡದಾಗಿ, ಬಹಳ ಎಚ್ಚರಿಕೆಯಿಂದ ಮಾಡಿದ್ದು ಇದೇ ಜಿಲ್ಲೆಗಾಗಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ 2007ರವರೆಗೆ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಚಿನ್ನದ ಗಣಿಗಳಿದ್ದವು. ಗಣಿಯ ಯಂತ್ರಗಳಿಗೆ ಕಲ್ಲಿದ್ದಲು, ಸೌದೆ ಉರಿಸಿ ಹಬೆ ಮಾಡುವುದು ದುಬಾರಿಯ ಬಾಬ್ತು. ಕಾವೇರಿಯ ಶಿವನಸಮುದ್ರದಲ್ಲಿ ಜಲಪಾತವಿತ್ತು, ಆದರೆ ಗಣಿಗೂ ಜಲಪಾತಕ್ಕೂ ನಡುವೆ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಒತ್ತಾಸೆಯಿಂದ ಕೆಲಸ 1900ರಲ್ಲಿ ಆರಂಭವಾಯಿತು. ಮುಂದೆ ನಿಂತು ಯೋಜನೆ ರೂಪಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲೋಟ್‌ಬಿನಿಯೇರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯವು. ಪ್ರಶ್ನೆ ಇದ್ದದ್ದು ತಂತಿಯಲ್ಲಿ. ಅಷ್ಟು ದೂರದ ತಂತಿಗೆ ರೋಧ ಇದ್ದೇ ಇರುತ್ತದೆ, ಅದನ್ನು ಮಂತ್ರ ಹಾಕಿ ಇಲ್ಲವಾಗಿಸಲಾಗದು. ತಂತಿಯನ್ನು ತೋಳಿನಷ್ಟು ದಪ್ಪ ಮಾಡಿದರೆ ತಾಮ್ರದ ಖರ್ಚಿಗೇ ಬೊಕ್ಕಸ ಬರಿದು. ಉಳಿದ ದಾರಿ ಒಂದೇ: ಕರೆಂಟನ್ನು ಕಡಿಮೆ ಮಾಡುವುದು. ಅದೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಕಳಿಸಬೇಕಾದರೆ ವೋಲ್ಟೇಜು ಏರಿಸಬೇಕು. ಅದಕ್ಕಾಗಿಯೇ ಸುಮಾರು 35,000 ವೋಲ್ಟ್.

ಆರಂಭದಲ್ಲಿ ಅಲ್ಲಿ 720 ಕಿಲೋವ್ಯಾಟಿನ ಆರು ಜನರೇಟರುಗಳಿದ್ದವು, ಒಟ್ಟು 4,320 ಕಿಲೋವ್ಯಾಟ್. ಮೂರು ಫೇಸಿನ ಲೆಕ್ಕದಲ್ಲಿ ಅಷ್ಟನ್ನೂ 35,000 ವೋಲ್ಟಿನಲ್ಲಿ ಕಳಿಸಿದರೆ ಒಂದೊಂದು ಫೇಸಿನಲ್ಲಿ ಸುಮಾರು 71 ಆಂಪಿಯರ್ ಸಾಕು. ಇಂದು ಹೊಲದ ಪಂಪಿಗೆ ಬರುವ 400 ವೋಲ್ಟಿನಲ್ಲೇ ಕಳಿಸಲು ಹೋಗಿದ್ದರೆ ಆರು ಸಾವಿರಕ್ಕೂ ಹೆಚ್ಚು ಆಂಪಿಯರ್ ಬೇಕಾಗುತ್ತಿತ್ತು. ತಂತಿಯಲ್ಲಿನ ನಷ್ಟ ಏಳು ಸಾವಿರ ಪಟ್ಟಿಗೂ ಹೆಚ್ಚು. ಗಣಿ ಮುಟ್ಟುವ ಮಾತಿರಲಿ, ಪಕ್ಕದ ಊರನ್ನೂ ಮುಟ್ಟುತ್ತಿರಲಿಲ್ಲ.

1902ರ ಜೂನ್ 30ರಂದು ಗಣಿಗೆ ಕರೆಂಟು ಬಂತು. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲೇ ವಿರಳ. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೈಸೂರಿಗೆ 1908ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ಕೋಲಾರ ಜಿಲ್ಲೆ ವಿದ್ಯುತ್ತು ಕಂಡಿತು. ಕಂಡದ್ದು ಗಣಿಯ ಯಂತ್ರ, ಜಿಲ್ಲೆಯ ಬಾವಿಯಲ್ಲ.

ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಗೆ ಕರೆಂಟು ಸಾಲದಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಹಿಂದಿನ ಕಾರಣಗಳಲ್ಲಿ ಇದೂ ಒಂದು. ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು ಅದರ ಉದ್ದೇಶ. ಅದರ ಬೆನ್ನಿಗಿದ್ದ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ, ಅಕ್ಷರ ಕಲಿತದ್ದು ಚಿಕ್ಕಬಳ್ಳಾಪುರದ ಶಾಲೆಯಲ್ಲಿ. ಗಣಿಗೆ ಕರೆಂಟು ಗಟ್ಟಿಮಾಡಿಕೊಟ್ಟವರ ಊರಿನ ಸುತ್ತ ಎತ್ತುಗಳು ಕಪಿಲೆ ಎಳೆಯುತ್ತಲೇ ಇದ್ದವು.

ಮೂವತ್ತು ಅಡಿಯಿಂದ ಸಾವಿರ ಅಡಿಗೆ

ಒಂದು ಜೊತೆ ಎತ್ತಿನ ಬಲ ಹೆಚ್ಚೆಂದರೆ ಒಂದು ಅಶ್ವಶಕ್ತಿ, 746 ವ್ಯಾಟ್. ಮೂವತ್ತು ಅಡಿಯ ಬಾವಿಯಿಂದ ಸೆಕೆಂಡಿಗೆ ಒಂದು ಲೀಟರ್ ನೀರೆತ್ತಲು ಬೇಕಾದದ್ದು ಬರೀ 90 ವ್ಯಾಟ್. ಎತ್ತಿಗೆ ಅದು ಭಾರವಲ್ಲ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ರಚನೆಯಾದ ನಂತರದ ದಶಕಗಳಲ್ಲಿ ಹಳ್ಳಿಗಳಿಗೆ ಕಂಬ ಬಂತು, ತೆರೆದ ಬಾವಿಯ ಅಂಚಿಗೆ ಪಂಪು ಬಂತು, ಕಪಿಲೆ ಮೂಲೆಗೆ ಸರಿಯಿತು. ಬಾವಿ ಬತ್ತಿದಾಗ ಕೊಳವೆ ಕೊರೆದರು. ಕೊಳವೆ ಬತ್ತಿದಾಗ ಇನ್ನೂ ಆಳಕ್ಕೆ ಕೊರೆದರು. ಇಂದು ಶಿಡ್ಲಘಟ್ಟ, ಚಿಂತಾಮಣಿ ಕಡೆ ಸಾವಿರ ಅಡಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಸಾವಿರ ಅಡಿಯಿಂದ ಅದೇ ಒಂದು ಲೀಟರ್ ನೀರೆತ್ತಲು ಸುಮಾರು 3,000 ವ್ಯಾಟ್ ಬೇಕು. ಪಂಪು, ಮೋಟಾರುಗಳು ತಿನ್ನುವ ಅರ್ಧವನ್ನೂ ಸೇರಿಸಿದರೆ ಎಂಟು ಅಶ್ವಶಕ್ತಿ. ಕಾಗದದಲ್ಲಿ ಐದು, ಬಾವಿಯೊಳಗೆ ಏಳೂವರೆ ಎಂಬುದು ಹಳ್ಳಿಗಳಲ್ಲಿ ಗುಟ್ಟಿನ ವಿಷಯವೇನಲ್ಲ. ಕಂಬದ ತಂತಿ ಮಾತ್ರ ಐದರ ಲೆಕ್ಕಕ್ಕೆ ಎಳೆದದ್ದು.

ಹೊಲದ ಲೈನಿನಲ್ಲಿ ಆಗುವುದೇನೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಟ್ರಾನ್ಸ್‌ಫಾರ್ಮರಿನ, ಜನರ ಮಾತಿನಲ್ಲಿ ಟಿ.ಸಿ.ಯ, ಬುಡದಲ್ಲಿ ಪ್ರತಿ ಫೇಸಿಗೆ 250 ವೋಲ್ಟ್ ಇದೆ ಎನ್ನೋಣ. ಅಲ್ಲಿಂದ ಒಂದು ಕಿಲೋಮೀಟರ್ ಅಲ್ಯೂಮಿನಿಯಂ ತಂತಿ. ಸಾಮಾನ್ಯವಾಗಿ ಬಳಸುವ ತೆಳು ಬಗೆಯ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ತುದಿಯಲ್ಲಿ ಏಳೂವರೆ ಅಶ್ವಶಕ್ತಿಯ ಐದು ಮೋಟಾರುಗಳು, ಒಂದೊಂದಕ್ಕೆ 12ರಂತೆ 60 ಆಂಪಿಯರ್ ಎಳೆಯುತ್ತಿವೆ. ಓಮ್‌ನ ಲೆಕ್ಕದಂತೆ 60ನ್ನು 0.9ರಿಂದ ಗುಣಿಸಿದರೆ 54. ತಂತಿಯೇ 54 ವೋಲ್ಟ್ ನುಂಗಿತು, ತುದಿಗೆ ಮುಟ್ಟಿದ್ದು 196. ಜೂಲ್‌ನ ಲೆಕ್ಕದಂತೆ ಮೂರು ತಂತಿಗಳಲ್ಲಿ ಶಾಖವಾಗಿ ಹೋದದ್ದು 9,700 ವ್ಯಾಟ್. ಹದಿಮೂರು ಅಶ್ವಶಕ್ತಿ, ಒಂದು ಹನಿ ನೀರೆತ್ತದೆ, ಗಾಳಿಯ ಪಾಲು.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಬಾವಿಯ ಬಾಯಿಂದ ತಳಕ್ಕೆ ಕೇಬಲ್ ಇಳಿಯಬೇಕು. 1,200 ಅಡಿ ಆಳಕ್ಕೆ 4 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ ಇಳಿಸಿದರೆ ಒಂದು ಎಳೆಯ ರೋಧವೇ 1.6 ಓಮ್. 12 ಆಂಪಿಯರಿಗೆ ಇನ್ನೂ 19 ವೋಲ್ಟ್ ಹೋಯಿತು. ಕಾಸು ಉಳಿಸಲು ಎರಡೂವರೆ ಮಿಲಿಮೀಟರಿನ ಕೇಬಲ್ ಹಾಕಿದರೆ 31 ವೋಲ್ಟ್. ಹೀಗೆ 250 ಹೊರಟದ್ದು ಮೋಟಾರಿಗೆ ಮುಟ್ಟುವಾಗ 180ಕ್ಕೂ ಕೆಳಗೆ. ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ತಂತಿ ಇನ್ನಷ್ಟು ವೋಲ್ಟ್ ನುಂಗುತ್ತದೆ. ಸಾಲಗಾರನ ಬಡ್ಡಿಯ ಹಾಗೆ ಇದು ತನ್ನ ಬಾಲವನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಇದಕ್ಕೆ ಮನುಷ್ಯರು ಸೇರಿಸಿದ ಒಂದು ಅಂಶವೂ ಇದೆ, ಆಟೋ ಸ್ಟಾರ್ಟರ್. ಹೊಲದ ಮೂರು ಫೇಸ್ ಯಾವ ಹೊತ್ತಿಗೆ ಬರುತ್ತದೋ ತಿಳಿಯದು. ನಡುರಾತ್ರಿ ಹಾವು ಚೇಳಿನ ನಡುವೆ ಸ್ವಿಚ್ಚು ಹಾಕಲು ಹೋಗುವವರಾರು? ಪೆಟ್ಟಿಗೆಯೊಂದನ್ನು ಜೋಡಿಸಿದರೆ ಕರೆಂಟು ಬಂದ ಕ್ಷಣ ಮೋಟಾರು ತಾನೇ ಹೊರಡುತ್ತದೆ. ರೈತನನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ಹೊರಡುವ ಮೋಟಾರು ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನಿನ ಎಲ್ಲ ಮೋಟಾರುಗಳೂ ಒಂದೇ ಕ್ಷಣದಲ್ಲಿ ಹೊರಟರೆ ವೋಲ್ಟೇಜು ಕುಸಿಯುತ್ತದೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಕೆಲವು ತಿರುಗಲಾರದೆ ನಿಂತಲ್ಲೇ ಗುಂಯ್ ಎನ್ನುತ್ತವೆ. ನಿಂತ ಮೋಟಾರು ಐದಾರು ಪಟ್ಟು ಕರೆಂಟನ್ನು ಎಳೆಯುತ್ತಲೇ ಇರುತ್ತದೆ, ಸುಡಲು ಹೆಚ್ಚು ಹೊತ್ತು ಬೇಡ. 63 ಕೆ.ವಿ.ಎ. ಟಿ.ಸಿ. ಕೊಡಬಲ್ಲದ್ದು ಫೇಸಿಗೆ 84 ಆಂಪಿಯರ್. 12 ಆಂಪಿಯರಿನ ಏಳು ಮೋಟಾರಿಗೆ ಸರಿಹೋಯಿತು. ಎಂಟನೆಯದು ಸೇರಿದಾಗ ಟಿ.ಸಿ.ಯ ಸರದಿ.

ಮೋಟಾರು ಸುಟ್ಟರೆ ನಷ್ಟವೆಂದರೆ ರೀವೈಂಡಿಂಗ್ ಕೂಲಿಯಷ್ಟೇ ಅಲ್ಲ. ಸಾವಿರ ಅಡಿ ಪೈಪನ್ನು ಎತ್ತುವ ಗಾಡಿಯ ಬಾಡಿಗೆ, ಮತ್ತೆ ಇಳಿಸುವ ಬಾಡಿಗೆ, ಅಂಗಡಿಯಲ್ಲಿ ಸರದಿ. ಶಿಡ್ಲಘಟ್ಟದ ರೇಷ್ಮೆ ಮನೆಯಲ್ಲಿ ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿದ್ದಾಗ ಹೀಗಾದರೆ ಅದರ ಸಂಕಟ ಹೇಳತೀರದು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆಮೇಲಿನ ಒಂದು ವಾರದಲ್ಲೇ ತಿನ್ನುತ್ತದೆ. ಹಿಪ್ಪುನೇರಳೆ ತೋಟ ಬಾಡುತ್ತಿದೆಯೆಂದು ಹುಳು ಕಾಯುವುದಿಲ್ಲ. ಸಾಲದ್ದಕ್ಕೆ ಹುಳು ಹಣ್ಣಾಗಿ ಚಂದ್ರಿಕೆ ಏರುವಾಗ ಗೂಡಿನ ತೂಕದಲ್ಲಿ ಆ ಸೊಪ್ಪಿನ ಲೆಕ್ಕ ಬಂದೇ ಬರುತ್ತದೆ.

1902ರಲ್ಲಿ ಕಂಡ ಪರಿಹಾರವೇ ಹೊಲಕ್ಕೂ ಪರಿಹಾರ. 11,000 ವೋಲ್ಟಿನ ಲೈನನ್ನು ಹೊಲದ ಹತ್ತಿರದವರೆಗೂ ತಂದು, ಅಲ್ಲಲ್ಲಿ ಸಣ್ಣ ಟಿ.ಸಿ.ಗಳನ್ನು ನೆಟ್ಟು, ಕಡಿಮೆ ವೋಲ್ಟೇಜಿನ ತಂತಿಯನ್ನು ಆದಷ್ಟು ಗಿಡ್ಡ ಮಾಡುವುದು. ಒಂದು ಕಿಲೋಮೀಟರನ್ನು ಇನ್ನೂರು ಮೀಟರಿಗೆ ಇಳಿಸಿದರೆ 54 ವೋಲ್ಟಿನ ನಷ್ಟ 11ಕ್ಕೆ ಇಳಿಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಮತ್ತು ಪಂಪುಗಳ ಲೈನುಗಳನ್ನು ಬೇರ್ಪಡಿಸಿದ್ದರಿಂದ ಹಳ್ಳಿಯ ದೀಪಗಳು ಬಚಾವಾದವು. ಹೊಲದ ಕೊನೆಯ ಕಿಲೋಮೀಟರು ಎಷ್ಟೋ ಕಡೆ ಹಾಗೇ ಉಳಿದಿದೆ. ಗಣಿ ಕಂಪನಿ ಕರೆಂಟಿಗೆ ದುಡ್ಡು ಕೊಡುವ ಗಿರಾಕಿಯಾಗಿತ್ತು; ತಂತಿಯಲ್ಲಿ ಪೋಲಾದ ಪ್ರತಿ ಅಶ್ವಶಕ್ತಿಯೂ ಸರ್ಕಾರಕ್ಕೆ ಆದಾಯದ ನಷ್ಟ. ಹೊಲದ ಲೈನಿನಲ್ಲಿ ಪೋಲಾದದ್ದನ್ನು ಲೆಕ್ಕ ಕೇಳುವವರು ಕಡಿಮೆ.

ಲೆಕ್ಕ ಕೇಳಲು ಅಳತೆಯಾದರೂ ಇರಬೇಕಷ್ಟೆ. 1990ರ ದಶಕದ ಆರಂಭದಲ್ಲಿ ಎಸ್. ಬಂಗಾರಪ್ಪ ಅವರ ಸರ್ಕಾರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ನಡುವೆ ದರಗಳು ಬಂದುಹೋದವು, 2008ರಿಂದೀಚೆಗೆ 10 ಅಶ್ವಶಕ್ತಿವರೆಗೆ ಮತ್ತೆ ಉಚಿತ. ಹೆಚ್ಚಿನ ಪಂಪುಗಳಿಗೆ ಮೀಟರಿಲ್ಲ. ವಿದ್ಯುತ್ ನಿಯಂತ್ರಣ ಆಯೋಗ ಮೀಟರಿಗಾಗಿ ಮತ್ತೆ ಮತ್ತೆ ಸೂಚಿಸಿದರೂ ಬಳಕೆ ಬಹುಮಟ್ಟಿಗೆ ಅಂದಾಜಿನದು. ಮೀಟರೆಂದರೆ ಬಿಲ್ಲೆಂಬ ರೈತನ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಅಳೆಯದೆ ಹೋದದ್ದರಿಂದ, ತನ್ನ ಬಾವಿಗೆ ಎಷ್ಟು ವೋಲ್ಟ್ ಬಂತು, ಎಷ್ಟು ಬರಬೇಕಿತ್ತು ಎಂದು ತೋರಿಸಲು ಅವನ ಕೈಯಲ್ಲೂ ಒಂದು ಅಂಕಿಯಿಲ್ಲ.

ಅಳೆಯದೆ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ಹೇಳಿದ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಈ ಜಿಲ್ಲೆಯವರೇ. ಎಚ್. ನರಸಿಂಹಯ್ಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, 1920ರಲ್ಲಿ ಹುಟ್ಟಿದವರು. ಓದುವುದಕ್ಕಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು, ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಹಳ್ಳಿ ಮಕ್ಕಳಿಗೆ ಶಾಲೆ ಕಾಲೇಜು ಸಿಗಲು ಕಾರಣರಾದರು. ಇಂದು ಈ ನಾಲ್ಕೂ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಮಕ್ಕಳು ನಿಕ್ರೋಮ್ ತಂತಿಗೆ ಶುಷ್ಕಕೋಶ ಜೋಡಿಸಿ, ವೋಲ್ಟ್ ಮೀಟರ್, ಆಮ್ಮೀಟರ್ ನೋಡಿ, ಗ್ರಾಫ್ ಹಾಳೆಯ ಮೇಲೆ ನೆಟ್ಟಗಿನ ಗೆರೆ ಎಳೆಯುತ್ತಾರೆ. ಅಂಕ ಬರುತ್ತದೆ. ಮನೆಯ ಬಾವಿಯ ಮೋಟಾರಿಗೂ ಆ ಗೆರೆಗೂ ಸಂಬಂಧವಿದೆಯೆಂದು ಪುಸ್ತಕ ಹೇಳುವುದಿಲ್ಲ.

ಹೇಳಬಲ್ಲವನು ರೀವೈಂಡಿಂಗ್ ಅಂಗಡಿಯವನು. ಹೊಸ ತಂತಿ ಸುತ್ತಿ ಮುಗಿಸಿದ ಮೇಲೆ ಅವನು ಮೀಟರಿನ ಎರಡು ಕಡ್ಡಿಗಳನ್ನು ಮೋಟಾರಿನ ಮೂರು ತುದಿಗಳಿಗೆ ಎರಡೆರಡಾಗಿ ಮುಟ್ಟಿಸಿ ನೋಡುತ್ತಾನೆ. ಮೂರು ಸಲವೂ ಒಂದೇ ಓಮ್ ಬಂದರೆ ಸುತ್ತಿದ್ದು ಸರಿಯಾಗಿದೆ. ಆಮೇಲೆ ಕರೆಂಟು ಕೊಟ್ಟು, ತಂತಿಯ ಸುತ್ತ ಟಾಂಗ್ ಟೆಸ್ಟರ್ ಹಿಡಿದು ಆಂಪಿಯರ್ ಓದುತ್ತಾನೆ. ಅಂಗಡಿಯ ಲೈನಿನಲ್ಲಿ ವೋಲ್ಟೇಜು ಚೆನ್ನಾಗಿರುತ್ತದೆ, ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಮೋಟಾರು ಟೆಂಪೋ ಹತ್ತುತ್ತದೆ, ಅದೇ ಬಾವಿಗೆ, ಅದೇ ಕೇಬಲಿಗೆ, ಅದೇ ಕಿಲೋಮೀಟರ್ ಉದ್ದದ ಲೈನಿಗೆ.